ತಂಗುದಾಣದ ಆಸನ ಕಿತ್ತವರು ಯಾರು, ಕಿತ್ತ ಜಾಗ ಹಾಗೆಯೇ ಉಳಿದದ್ದು ಏಕೆ?

ಚರ್ಚೆ ಆರಂಭಿಸಿದವರು: ದಕ್ಷಿಣ ಬೆಂಗಳೂರಿನ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮುಖ್ಯರಸ್ತೆಯ ಬಸ್ ತಂಗುದಾಣವನ್ನು ಕಳೆದ ವರ್ಷ ಹೊಸದಾಗಿ ಕಟ್ಟಿದರು. ಸ್ಟೀಲಿನ ಮೂರು ಆಸನಗಳು, ಮೇಲೊಂದು ಚಾವಣಿ, ಎರಡು ದೀಪ, ಮಾರ್ಗಸಂಖ್ಯೆಗಳನ್ನು ಬರೆದ ಒಂದು ಫಲಕ, ಇಷ್ಟೇ ಅದರ ಸ್ವರೂಪ. ಮೊದಲ ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ನಡುವಿನ ಆಸನ ಇರಲಿಲ್ಲ. ಅದನ್ನು ಹಿಡಿದಿದ್ದ ಬೋಲ್ಟುಗಳ ನಾಲ್ಕು ತೂತುಗಳು ಮಾತ್ರ ನೆಲದಲ್ಲಿದ್ದವು. ಅಂದೇ ದೂರು ಕೊಟ್ಟೆ, ದೂರಿನ ಸಂಖ್ಯೆಯೂ ಸಿಕ್ಕಿತು. ಮೂರು ವಾರ ಕಳೆದರೂ ಆ ಜಾಗ ಹಾಗೆಯೇ ಇತ್ತು. ನಾಲ್ಕನೆಯ ವಾರದಲ್ಲಿ ಇನ್ನೊಂದು ಆಸನ ಹೋಯಿತು, ಆರನೆಯ ವಾರದಲ್ಲಿ ದೀಪದ ವೈರು ಹೋಯಿತು, ಅಷ್ಟರಲ್ಲಿ ಫಲಕದ ಮೇಲೆ ಪಿ.ಜಿ. ಮತ್ತು ಟ್ಯೂಷನ್ನಿನ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡು ಮಾರ್ಗಸಂಖ್ಯೆಗಳನ್ನು ಓದಲಾಗದಂತಾಯಿತು. ಎಪ್ಪತ್ತು ದಾಟಿದ ನನ್ನ ತಾಯಿ ಆಸ್ಪತ್ರೆಗೆ ಹೋಗುವ ದಿನ ಅಲ್ಲಿ ಕಂಬ ಹಿಡಿದು ನಿಂತು ಕಾಯುತ್ತಾರೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡನೆಯ ಕಳವು. ಮೊದಲ ಸಲ ಕಿತ್ತವನಿಗೆ ಸಿಕ್ಕಿಬೀಳುವ ಭಯ ಒಂದಿಷ್ಟಾದರೂ ಇದ್ದಿರಬೇಕು. ಎರಡನೆಯವನಿಗೆ ಮೂರು ವಾರ ಖಾಲಿ ಬಿದ್ದಿದ್ದ ಆ ನಾಲ್ಕು ತೂತುಗಳೇ, ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ತಿಳಿಸಿದ್ದವು. ‘ಯಾರಪ್ಪನ ಗಂಟು ಹೋಗುತ್ತದೆ’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ನಿಮ್ಮ ನಿಮ್ಮ ಊರು, ಕೆಲಸ, ಅನುಭವಗಳಿಂದ ಈ ವಿಷಯವಾಗಿ ನಿಮಗೆ ತಿಳಿದಿರುವುದನ್ನು ದಯವಿಟ್ಟು ಬರೆಯಿರಿ. ಬೈಗುಳ ಬೇಡ. ಏನು ಆಗುತ್ತಿದೆ ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳೋಣ.

ನಿವೃತ್ತ ಬಸ್ ಚಾಲಕ, ಮಂಡ್ಯ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ನಾನು. ನಿಮ್ಮ ಆಸನದ ವಿಚಾರ ಓದಿ, ಇದಕ್ಕಿಂತ ಬೇರೆ ಬಗೆಯ ಒಂದು ಹಾನಿಯನ್ನು ಹೇಳಬೇಕೆನಿಸಿತು.

ಬಸ್ಸಿನ ಮುಂದಿನ ಗಾಜಿಗೂ ಪಕ್ಕದ ಕಿಟಕಿಯ ಗಾಜಿಗೂ ವ್ಯತ್ಯಾಸವಿದೆ. ಮುಂದಿನದು ಎರಡು ಪದರದ ನಡುವೆ ಹಾಳೆಯಿಟ್ಟು ಮಾಡಿದ ಗಾಜು. ಕಲ್ಲು ಬಿದ್ದರೆ ಜೇಡರ ಬಲೆಯಂತೆ ಬಿರುಕು ಬಿಟ್ಟು ಅಲ್ಲಿಯೇ ನಿಲ್ಲುತ್ತದೆ, ಆದರೆ ರಸ್ತೆ ಕಾಣುವುದಿಲ್ಲ. ಪಕ್ಕದ್ದು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಒಳಗೆ ಕುಳಿತವರ ಮಡಿಲಿಗೆ, ಕಣ್ಣಿಗೆ, ಎಳೆಯ ಮಕ್ಕಳ ತಲೆಗೆ ಸುರಿಯುತ್ತದೆ. ನನ್ನ ಸೇವೆಯಲ್ಲಿ ಎರಡು ಸಲ ಮುಂದಿನ ಗಾಜಿಗೂ ಒಂದು ಸಲ ಪಕ್ಕದ ಗಾಜಿಗೂ ಏಟು ಬಿದ್ದಿತ್ತು. ಕಲ್ಲೆಸೆದವನಿಗೆ ಅದು ಒಂದು ಗಳಿಗೆಯ ಕೆಲಸ. ನಮಗೆ ಅಲ್ಲಿಂದ ಶುರು. ಬಸ್ಸನ್ನು ಬದಿಗೆ ಹಾಕಿ, ಪ್ರಯಾಣಿಕರನ್ನು ಹಿಂದೆ ಬರುವ ಗಾಡಿಗೆ ಹತ್ತಿಸಿ, ಠಾಣೆಗೆ ಹೋಗಿ ದೂರು ಕೊಟ್ಟು, ಪಂಚನಾಮೆ ಮುಗಿಯುವವರೆಗೆ ಅಲ್ಲಿಯೇ ಕಾದು, ಆಮೇಲೆ ಡಿಪೊ ಸೇರಬೇಕು. ಗಾಜು ಕೂರಿಸುವವರೆಗೆ ಆ ಬಸ್ಸು ಹೊರಡುವುದಿಲ್ಲ. ಬದಲಿ ಬಸ್ಸು ಇಲ್ಲದ ದಿನ ಸಂಜೆಯ ಕೊನೆಯ ಟ್ರಿಪ್ ರದ್ದಾಗುತ್ತದೆ, ಹಳ್ಳಿಯ ಕಾಲೇಜು ಹುಡುಗಿಯರು ನಿಲ್ದಾಣದಲ್ಲಿ ಉಳಿಯುತ್ತಾರೆ.

2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯ ದಿನ ಬೆಂಗಳೂರಿನಲ್ಲಿ ಒಂದು ಖಾಸಗಿ ಸಂಸ್ಥೆಯ ಬಸ್ಸುಗಳು ಸಾಲಾಗಿ ನಿಂತಲ್ಲಿಯೇ ಸುಟ್ಟುಹೋದದ್ದನ್ನು ನೀವೆಲ್ಲ ನೋಡಿದ್ದೀರಿ. ಕಾವೇರಿ ನಮ್ಮ ಜಿಲ್ಲೆಯ ಜೀವ. ಅದಕ್ಕಾಗಿ ರಸ್ತೆಗಿಳಿದವರಲ್ಲಿ ನನ್ನ ನೆಂಟರೂ ಇದ್ದರು. ಆದರೆ ಆ ಬೆಂಕಿಯಿಂದ ಒಂದು ಚೊಂಬು ನೀರೂ ಹೆಚ್ಚು ಬರಲಿಲ್ಲ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ ನಡೆದಾಗ ಜಮಖಂಡಿಯ ಬಳಿ ಬಸ್ಸು ಓಡಿಸುತ್ತಿದ್ದ ಚಾಲಕರೊಬ್ಬರು ಕಲ್ಲೇಟಿನಿಂದ ಪ್ರಾಣ ಕಳೆದುಕೊಂಡರು. ಅವರಿಗೂ ನಿವೃತ್ತಿ ಹತ್ತಿರವಾಗಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬಸ್ಸಿಗೆ ಕಲ್ಲು ಬಿದ್ದಿತು ಎಂದು ಪತ್ರಿಕೆಗಳು ಬರೆಯುತ್ತವೆ. ಗಾಜಿನ ಹಿಂದೆ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಬೀದಿದೀಪಗಳ ನಿರ್ವಹಣೆಯ ಕೆಲಸವನ್ನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ಚರ್ಚೆ ಆರಂಭಿಸಿದವರು ಹೇಳಿದ ದೀಪದ ವೈರಿನ ಕಳವು ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸುತ್ತೇನೆ. ಕಳ್ಳರಿಗೆ ಇದರಲ್ಲಿ ಹೊಸದೇನೂ ಇಲ್ಲ, ತಿಳಿಯದಿರುವುದು ನಿವಾಸಿಗಳಿಗೆ ಮಾತ್ರ.

ಬೀದಿದೀಪದ ಸಾಲಿನಲ್ಲಿ ಹಗಲು ಹೊತ್ತು ಸಾಮಾನ್ಯವಾಗಿ ವಿದ್ಯುತ್ ಇರುವುದಿಲ್ಲ, ಸಂಜೆ ಟೈಮರ್ ಹಾಕಿದ ಮೇಲೆಯೇ ಅದು ಹರಿಯುತ್ತದೆ. ಆದ್ದರಿಂದ ವೈರು ಕತ್ತರಿಸುವವನಿಗೆ ರಾತ್ರಿಗಿಂತ ಹಗಲೇ ಸುರಕ್ಷಿತ. ಹಳದಿ ಜಾಕೆಟ್ ತೊಟ್ಟು, ಕೈಯಲ್ಲೊಂದು ಕಟ್ಟಿಂಗ್ ಪ್ಲೇಯರ್ ಹಿಡಿದು ಮಧ್ಯಾಹ್ನ ಎರಡು ಗಂಟೆಗೆ ಕಂಬದ ಬುಡದಲ್ಲಿ ಕುಳಿತರೆ ಎದುರು ಮನೆಯವರು ನೀರು ಬೇಕೇ ಎಂದು ಕೇಳುತ್ತಾರೆಯೇ ಹೊರತು ಯಾರು ಕಳುಹಿಸಿದರು ಎಂದು ಕೇಳುವುದಿಲ್ಲ. ಕಂಬದ ಬುಡದ ಪೆಟ್ಟಿಗೆಗೆ, ದೀಪಗಳ ಸಾಲಿಗೆ ವಿದ್ಯುತ್ ಹಂಚುವ ಫೀಡರ್ ಪಿಲ್ಲರ್ ಎಂಬ ದೊಡ್ಡ ಪೆಟ್ಟಿಗೆಗೆ ಮುಚ್ಚಳವೇ ಇಲ್ಲದಿದ್ದರೆ ಕೆಲಸ ಇನ್ನೂ ಸುಲಭ. ತಾಮ್ರವಾದರೆ ಮೇಲಿನ ಪ್ಲಾಸ್ಟಿಕ್ಕನ್ನು ಖಾಲಿ ನಿವೇಶನದಲ್ಲಿ ಸುಟ್ಟು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುತ್ತಾರೆ. ದೊಡ್ಡ ವ್ಯವಸ್ಥೆಗಳೂ ಇದರಿಂದ ಪಾರಾಗಿಲ್ಲ. 2024ರ ಡಿಸೆಂಬರಿನಲ್ಲಿ ದೆಹಲಿ ಮೆಟ್ರೊದ ನೀಲಿ ಮಾರ್ಗದಲ್ಲಿ ಮೋತಿ ನಗರ ಮತ್ತು ಕೀರ್ತಿ ನಗರ ನಿಲ್ದಾಣಗಳ ನಡುವೆ ಕೇಬಲ್ ಕಳವಾಗಿ, ಆ ಮಾರ್ಗದ ಸಂಚಾರ ನಿಧಾನವಾಗಿ ಪ್ರಯಾಣಿಕರು ಪರದಾಡಬೇಕಾಯಿತು.

ತಡೆಯುವ ದಾರಿಗಳು ಇಲ್ಲವೆಂದಲ್ಲ. ತಾಮ್ರದ ಬದಲು ಅಲ್ಯೂಮಿನಿಯಂ ಎಳೆಯುವುದು, ಪೆಟ್ಟಿಗೆಗೆ ಮೂರು ಮೂಲೆಯ ವಿಶೇಷ ಕೀಲಿ ಹಾಕುವುದು, ಆಸನದ ನಟ್ಟುಗಳನ್ನು ಬಿಗಿದ ಮೇಲೆ ವೆಲ್ಡ್ ಮಾಡುವುದು ಅಥವಾ ಬಿಗಿಯಾದೊಡನೆ ತಲೆ ಮುರಿದು ಬಿದ್ದು ಮತ್ತೆ ಬಿಚ್ಚಲಾಗದ ಬೋಲ್ಟು ಬಳಸುವುದು, ಎರಕದ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಜಾಗದಲ್ಲಿ ಗುಜರಿಯಲ್ಲಿ ಬೆಲೆಯಿಲ್ಲದ ಕಾಂಕ್ರೀಟ್ ಅಥವಾ ಫೈಬರ್ ಮುಚ್ಚಳ ಇಡುವುದು, ಇವೆಲ್ಲವೂ ಬಳಕೆಯಲ್ಲಿವೆ. ನಿಮ್ಮ ತಂಗುದಾಣದ ಬೋಲ್ಟುಗಳು ಸಾಮಾನ್ಯ ಸ್ಪ್ಯಾನರಿಗೆ ಬಿಚ್ಚಿಕೊಂಡಿವೆ ಎಂದರೆ, ಕಟ್ಟುವಾಗಲೇ ಒಂದು ತಪ್ಪಾಗಿದೆ. ಮುಚ್ಚಳ ಹೋದ ಗುಂಡಿಯಲ್ಲಿ ಯಾರೋ ಪುಣ್ಯಾತ್ಮರು ಮರದ ಕೊಂಬೆ ನೆಟ್ಟು ಹೋಗುವುದನ್ನು ನಮ್ಮ ಎಲ್ಲ ಊರುಗಳಲ್ಲಿಯೂ ನೋಡಿದ್ದೇನೆ. ಆ ಕೊಂಬೆಯ ಎಲೆ ಒಣಗಿ ಉದುರುವವರೆಗೂ ಮುಚ್ಚಳ ಬರದಿರುವುದನ್ನೂ ನೋಡಿದ್ದೇನೆ.

ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಶಿಕ್ಷೆಯ ಭಯ ಇಲ್ಲದಿರುವುದೇ ಇದಕ್ಕೆಲ್ಲ ಮೂಲವೆಂದು ನನಗನಿಸುತ್ತದೆ. ಪ್ರತಿಯೊಂದು ತಂಗುದಾಣಕ್ಕೂ ಕ್ಯಾಮೆರಾ ಹಾಕಿ, ಸಿಕ್ಕವರಿಗೆ ಕಠಿಣ ಶಿಕ್ಷೆಯಾಗುವಂತೆ ಹೊಸ ಕಾನೂನು ತಂದರೆ ಆರು ತಿಂಗಳಲ್ಲಿ ಬದಲಾವಣೆ ಕಾಣಬಹುದು.

ವಕೀಲೆ, ಬೆಂಗಳೂರು

ವಿದ್ಯಾರ್ಥಿ ಮಿತ್ರರ ಕಳಕಳಿ ಅರ್ಥವಾಗುತ್ತದೆ, ಆದರೆ ಹೊಸ ಕಾನೂನಿನ ಕೊರತೆ ನಮಗಿಲ್ಲ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯ ಪ್ರಕಾರ ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದವರಿಗೆ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ನೀರು, ಬೆಳಕು, ವಿದ್ಯುತ್ ಪೂರೈಕೆಯ ಸ್ವತ್ತು, ಒಳಚರಂಡಿ, ಸಾರ್ವಜನಿಕ ಸಾರಿಗೆ, ದೂರಸಂಪರ್ಕ ಇವುಗಳಿಗೆ ಹಾನಿಯಾದರೆ ಕನಿಷ್ಠ 6 ತಿಂಗಳ ಕಠಿಣ ಸೆರೆವಾಸವಿದೆ. ಬೆಂಕಿ ಅಥವಾ ಸ್ಫೋಟಕದಿಂದ ಹಾನಿ ಮಾಡಿದರೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ. ಕರ್ನಾಟಕದ್ದೇ ಆದ ಆಸ್ತಿ ನಾಶ ಮತ್ತು ನಷ್ಟ ತಡೆ ಕಾಯ್ದೆ ಅದಕ್ಕೂ ಮೊದಲು, 1981ರಲ್ಲಿಯೇ ಬಂದಿದೆ. ಗೋಡೆ, ಕಂಬ, ಫಲಕಗಳ ಮೇಲೆ ಅನುಮತಿಯಿಲ್ಲದೆ ಅಂಟಿಸುವುದನ್ನು, ಬರೆಯುವುದನ್ನು ತಡೆಯಲು ಅದೇ 1981ರಲ್ಲಿ ಬಂದ ಇನ್ನೊಂದು ಕಾಯ್ದೆಯಿದೆ. ಕದ್ದ ಮಾಲೆಂದು ತಿಳಿದೂ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಸೆರೆವಾಸವಿದೆ; ಹುಬ್ಬಳ್ಳಿಯ ಗುತ್ತಿಗೆದಾರರು ಹೇಳಿದ ಗುಜರಿಯ ವ್ಯವಹಾರಕ್ಕೆ ಅನ್ವಯವಾಗುವುದು ಇದು.

ಹಿರಿಯ ಚಾಲಕರು ಹೇಳಿದ ಬಂದ್ ಮತ್ತು ಗಲಭೆಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು, ನಿವೃತ್ತ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಮತ್ತು ಹಿರಿಯ ವಕೀಲ ಫಾಲಿ ನಾರಿಮನ್ ಅವರ ನೇತೃತ್ವದಲ್ಲಿ ಎರಡು ಸಮಿತಿಗಳನ್ನು ರಚಿಸಿತು. ಅವುಗಳ ವರದಿಗಳನ್ನು ಆಧರಿಸಿ 2009ರ ಏಪ್ರಿಲ್‌ನಲ್ಲಿ ನೀಡಿದ ಮಾರ್ಗಸೂಚಿಯ ಸಾರವೆಂದರೆ, ನಷ್ಟವನ್ನು ಅಳೆಯಲು ಹೈಕೋರ್ಟ್ ಒಬ್ಬ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರನ್ನು ಪರಿಹಾರ ಆಯುಕ್ತರನ್ನಾಗಿ ನೇಮಿಸಬಹುದು, ಹಾನಿ ಮಾಡಿದವರಷ್ಟೇ ಅಲ್ಲದೆ ಆ ಕಾರ್ಯಕ್ರಮದ ಸಂಘಟಕರೂ ಹೊಣೆಯಾಗಬಹುದು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಗಲಭೆಯ ನಂತರ ನಮ್ಮ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಹೀಗೆಯೇ ನೇಮಿಸಿತು.

ನನ್ನ ಅನುಭವದಲ್ಲಿ ಇಂಥ ಪ್ರಕರಣ ಸಡಿಲವಾಗುವುದು ತೀರ್ಪಿಗೆ ಬಹಳ ಮೊದಲೇ. ಆಸನ ಕಳುವಾಯಿತು ಎಂದು ಠಾಣೆಗೆ ಹೋಗಬೇಕಾದವರು ಅದರ ಒಡೆತನ ಇರುವ ಇಲಾಖೆಯವರು. ಅವರು ಬರದಿದ್ದರೆ ಸ್ವತ್ತಿನ ಬೆಲೆ, ಅಳವಡಿಸಿದ ದಿನಾಂಕ, ಬಿಲ್ಲು ಯಾವುದೂ ಕಡತಕ್ಕೆ ಸೇರುವುದಿಲ್ಲ. ಸಾಕ್ಷಿಯಿಲ್ಲದ ಕಡತಕ್ಕೆ ಹತ್ತು ವರ್ಷದ ಶಿಕ್ಷೆಯನ್ನು ಬರೆದಿಟ್ಟರೂ ಅದು ಕಾಗದದಲ್ಲಿಯೇ ಉಳಿಯುತ್ತದೆ.

ದೃಷ್ಟಿಹೀನ ಬ್ಯಾಂಕ್ ನೌಕರ, ಬೆಂಗಳೂರು

ಈ ಚರ್ಚೆಯಲ್ಲಿ ಎಲ್ಲರೂ ಕಳ್ಳರು ಮತ್ತು ಗಲಭೆಕೋರರ ಬಗ್ಗೆ ಬರೆದಿದ್ದೀರಿ. ನನ್ನ ದಾರಿಯನ್ನು ಹಾಳು ಮಾಡಿದವರು ಇವರಿಬ್ಬರೂ ಅಲ್ಲ.

ಪಾದಚಾರಿ ಮಾರ್ಗದ ನಡುವೆ ಹಳದಿ ಬಣ್ಣದ ಉಬ್ಬು ಟೈಲುಗಳನ್ನು ನೀವು ನೋಡಿರುತ್ತೀರಿ. ಅದು ಅಲಂಕಾರವೆಂದು ಅನೇಕರು ತಿಳಿದಿದ್ದಾರೆ. ಉದ್ದ ಗೆರೆಗಳಿದ್ದರೆ ಮುಂದೆ ನಡೆಯಬಹುದು, ಗುಂಡು ಚುಕ್ಕೆಗಳಿದ್ದರೆ ನಿಲ್ಲಬೇಕು, ಮುಂದೆ ರಸ್ತೆ ಅಥವಾ ಮೆಟ್ಟಿಲಿದೆ ಎಂದು ಅದರ ಅರ್ಥ. ಜಪಾನಿನ ಒಕಾಯಾಮ ನಗರದಲ್ಲಿ 1967ರಲ್ಲಿ ಇವನ್ನು ಮೊದಲು ಹಾಸಿದರು. ನನ್ನ ಕಚೇರಿಯ ರಸ್ತೆಯಲ್ಲಿ ಇವು ಬಂದ ದಿನ, ಯಾರ ತೋಳನ್ನೂ ಹಿಡಿಯದೆ ನಿಲ್ದಾಣದಿಂದ ಕಚೇರಿಯವರೆಗೆ ನಡೆದೆ. ನನ್ನ ವಯಸ್ಸು ಆಗ ನಲವತ್ತೆರಡು. ಒಂಬತ್ತು ತಿಂಗಳ ನಂತರ ಕೇಬಲ್ ಹಾಕಲು ಅದೇ ಮಾರ್ಗವನ್ನು ಅಗೆದರು. ಮುಚ್ಚುವಾಗ ಟೈಲುಗಳನ್ನು ಕೈಗೆ ಸಿಕ್ಕಂತೆ ಕೂರಿಸಿದರು. ಈಗ ನಡೆಯಬೇಕಾದ ಕಡೆ ನಿಲ್ಲು ಎನ್ನುವ ಚುಕ್ಕೆಗಳಿವೆ, ಚರಂಡಿಯ ತೆರೆದ ಬಾಯಿಯ ಮುಂದೆ ನಡೆ ಎನ್ನುವ ಗೆರೆಗಳಿವೆ. ಕೆಲಸ ಮಾಡಿದವರ ಬಳಿ ಅನುಮತಿ ಪತ್ರವಿತ್ತು, ಆದ್ದರಿಂದ ಇದನ್ನು ಯಾರೂ ವಿಧ್ವಂಸ ಎಂದು ಕರೆಯುವುದಿಲ್ಲ. ನನ್ನ ಕಾಲಿಗೆ ಬಿದ್ದ ಹೊಲಿಗೆಗಳಿಗೆ ಅನುಮತಿ ಪತ್ರದಿಂದ ವ್ಯತ್ಯಾಸವೇನೂ ಆಗಲಿಲ್ಲ.

ದಕ್ಷಿಣ ಬೆಂಗಳೂರಿನ ನಿವಾಸಿ

ಸಾರ್, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ತಂಗುದಾಣದ ಎದುರಿನ ಟೈಲುಗಳನ್ನು ಇವತ್ತು ಸಂಜೆ ಹೋಗಿ ನೋಡಿದೆ. ಅಲ್ಲಿಯೂ ಹಾಗೆಯೇ ಆಗಿದೆ. ದಿನವೂ ಅದರ ಮೇಲೆಯೇ ನಡೆದು ಹೋಗುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ಕನ್ನಡ ಉಪನ್ಯಾಸಕ, ಮೈಸೂರು

ಹಳೆಯ ಕಲ್ಲಿನ ಶಾಸನಗಳನ್ನು ಪಾಠ ಮಾಡುವವನಾದ್ದರಿಂದ, ಚರ್ಚೆಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ಕೊಡಿ.

ಊರ ಸ್ವತ್ತನ್ನು ಹಾಳು ಮಾಡುವವರ ಚಿಂತೆ ನಮ್ಮ ಹಿರಿಯರಿಗೂ ಇತ್ತು. ಕೆರೆಗೆ, ದೇಗುಲಕ್ಕೆ, ಛತ್ರಕ್ಕೆ ದತ್ತಿ ಬಿಟ್ಟ ಶಾಸನಗಳ ಕೊನೆಗೆ ಶಾಪಾಶಯವೆಂಬ ಭಾಗ ಬರುತ್ತದೆ: ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ನೆನಪಿನಲ್ಲಿ ಉಳಿಯುವುದು ಈ ಶಾಪವೇ. ಆದರೆ ಕೆರೆಗಳ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಇನ್ನೊಂದು ಮಾತು ಬರುತ್ತದೆ. ಕೆರೆಯನ್ನು ಮುಂದೆಯೂ ದುರಸ್ತಿಯಲ್ಲಿಡಲು ಬಿಟ್ಟುಕೊಟ್ಟ ಭೂಮಿ ಅದು. ಕಟ್ಟೆ ಬಿರಿದರೆ, ಹೂಳು ತುಂಬಿದರೆ, ತೂಬು ಒಡೆದರೆ ಯಾರ ಮುಂದೆಯೂ ಕೈಯೊಡ್ಡದೆ ರಿಪೇರಿ ನಡೆಯಲಿ ಎಂದು ಅದರ ಹುಟ್ಟುವಳಿಯನ್ನು ಮೊದಲೇ ತೆಗೆದಿಡುತ್ತಿದ್ದರು. ಶಾಪವೊಂದನ್ನೇ ನಂಬಿ ಅವರು ಕೂರಲಿಲ್ಲ. ಇಂದು ಒಂದು ತಂಗುದಾಣ ಉದ್ಘಾಟನೆಯಾದಾಗ ಕಟ್ಟಿದ ವೆಚ್ಚವನ್ನು ಫಲಕದಲ್ಲಿ ಬರೆಯುತ್ತಾರೆ. ಮುಂದಿನ ಹತ್ತು ವರ್ಷ ಅದನ್ನು ನೋಡಿಕೊಳ್ಳಲು ಎಷ್ಟು ಹಣ ಇಟ್ಟಿದ್ದಾರೆ, ಯಾರ ಹೊಣೆ ಎಂಬುದು ಆ ಫಲಕದಲ್ಲಿ ಇರುವುದಿಲ್ಲ.

ನೋವಿನ ವಿಷಯವೆಂದರೆ ಆ ಶಾಸನಗಳೇ ಇಂದು ನಗರದಲ್ಲಿ ಸುರಕ್ಷಿತವಾಗಿಲ್ಲ. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಬೆಳಕಿಗೆ ಬಂದಿತು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನವಿದೆ. ರಾಜ್ಯದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಕಾಲದಲ್ಲಿ ದಾಖಲಾದ ಈ ನಗರದ ಎಷ್ಟೋ ಕಲ್ಲುಗಳು ರಸ್ತೆ ಅಗಲೀಕರಣದಲ್ಲಿ, ಮನೆಗಳ ಅಡಿಪಾಯದಲ್ಲಿ ಕಾಣೆಯಾಗಿವೆ. ಉಳಿದವು ಕಾಳಜಿಯುಳ್ಳ ಕೆಲವರು ಹುಡುಕಿ, ತೊಳೆದು, ಮಂಟಪ ಕಟ್ಟಿದ್ದರಿಂದ ಉಳಿದಿವೆ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಶಿವಮೊಗ್ಗದವ

ಉಪನ್ಯಾಸಕರು ಹೇಳಿದ ದುರಸ್ತಿಯ ಮಾತಿಗೆ ಹೊಂದುವ ಒಂದು ಉದಾಹರಣೆ ನಾನು ದಿನವೂ ಓಡಾಡುವ ನ್ಯೂಯಾರ್ಕಿನ ಸಬ್‌ವೇಯಲ್ಲಿದೆ. 1970ರ ದಶಕದಿಂದ ಅಲ್ಲಿನ ರೈಲುಗಳು ಒಳಗೂ ಹೊರಗೂ ಬಣ್ಣದ ಬರಹಗಳಿಂದ ತುಂಬಿಹೋಗಿದ್ದವು. ಬೇಲಿ, ನಾಯಿ, ಬಂಧನ ಎಲ್ಲವನ್ನೂ ಪ್ರಯತ್ನಿಸಿದ್ದರು. 1984ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆಯ ಮುಖ್ಯಸ್ಥರಾದ ಡೇವಿಡ್ ಗನ್ ಅವರ ಆಡಳಿತದಲ್ಲಿ ಬೇರೆ ಕ್ರಮ ಹಿಡಿದರು. ಒಮ್ಮೆ ಸ್ವಚ್ಛಗೊಳಿಸಿದ ರೈಲಿನ ಮೇಲೆ ಮತ್ತೆ ಬರಹ ಕಂಡರೆ, ಅದನ್ನು ಅಳಿಸುವವರೆಗೆ ಆ ರೈಲು ಹಳಿಗೆ ಇಳಿಯುವಂತಿಲ್ಲ. ಬರೆದವನಿಗೆ ತನ್ನ ಹೆಸರು ನಗರದ ತುಂಬ ಓಡುವುದನ್ನು ನೋಡುವ ಸಂತೋಷವೇ ಇಲ್ಲವಾಯಿತು. ಒಂದೊಂದೇ ಮಾರ್ಗವನ್ನು ಹೀಗೆ ಗೆಲ್ಲುತ್ತಾ ಹೋಗಿ, 1989ರ ಮೇ 12ರಂದು ಬರಹವಿದ್ದ ಕೊನೆಯ ರೈಲನ್ನು ಸೇವೆಯಿಂದ ತೆಗೆದರು. ಐದು ವರ್ಷ ಹಿಡಿಯಿತು.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಒಡೆದ ಕಿಟಕಿಯನ್ನು ಸರಿಮಾಡದೆ ಬಿಟ್ಟರೆ ಉಳಿದವನ್ನೂ ಒಡೆಯುತ್ತಾರೆ ಎಂದು ಅಮೆರಿಕದ ವಿದ್ವಾಂಸರಾದ ವಿಲ್ಸನ್ ಮತ್ತು ಕೆಲ್ಲಿಂಗ್ 1982ರಲ್ಲಿ ಬರೆದ ವಿಚಾರವನ್ನು ಮುಂದೆ ಪೊಲೀಸರು ಸಣ್ಣಪುಟ್ಟ ತಪ್ಪಿಗೂ ಬಡವರನ್ನು, ಕಪ್ಪು ಜನರನ್ನು ಹಿಡಿಯಲು ಬಳಸಿಕೊಂಡರು. ಕಿಟಕಿ ಸರಿಮಾಡುವುದು ಒಂದು ಕೆಲಸ, ಕಿಟಕಿಯ ಬಳಿ ನಿಂತವರನ್ನೆಲ್ಲ ಶಂಕಿಸುವುದು ಇನ್ನೊಂದು. ನಮ್ಮಲ್ಲಿಯೂ ಚಿಂದಿ ಆಯುವ ಮಕ್ಕಳ ಮೇಲೆ ಮೊದಲು ಅನುಮಾನ ಬೀಳುತ್ತದೆ ಎಂಬ ಅಂಜಿಕೆಯಿಂದ ಇದನ್ನು ಬರೆದೆ.

ಶುಶ್ರೂಷಕಿ, ಬೆಂಗಳೂರು

ನನ್ನ ಪಾಳಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತದೆ. ನಮ್ಮ ಆಸ್ಪತ್ರೆಯ ಎದುರಿನ ನಿಲ್ದಾಣದ ದೀಪದ ವೈರು ಹೋಗಿ ನಾಲ್ಕು ತಿಂಗಳಾಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಅದರಿಂದ ನನ್ನಂಥವರಿಗೆ ತಿಂಗಳಿಗೆ ಉಳಿಯುವ ಹಣ ಸಣ್ಣದಲ್ಲ. ಆದರೆ ಕತ್ತಲಲ್ಲಿ ಒಬ್ಬಳೇ ನಿಲ್ಲಲು ಧೈರ್ಯ ಸಾಲದೆ ವಾರದಲ್ಲಿ ಮೂರು ದಿನ ಆಟೊ ಹಿಡಿಯುತ್ತೇನೆ. ವೈರು ಕತ್ತರಿಸಿದವನಿಗೆ ಗುಜರಿಯಲ್ಲಿ ಒಂದು ಸಲ ದುಡ್ಡು ಬಂದಿರಬಹುದು. ನಾನು ಪ್ರತಿ ವಾರ ಕೊಡುತ್ತಿದ್ದೇನೆ. 1905ರಲ್ಲಿಯೇ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಹೊತ್ತಿದ ಊರು ಇದು ಎಂದು ಶಾಲೆಯಲ್ಲಿ ಓದಿದ್ದು ಆ ಕತ್ತಲಲ್ಲಿ ನಿಂತಾಗ ನೆನಪಾಗುತ್ತದೆ.

ಯಾರಿಗೆ ದೂರು ಕೊಡಬೇಕು ಎಂಬುದನ್ನೂ ಯಾರಾದರೂ ತಿಳಿಸಿ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಅಕ್ಕಾ, ಗೊಂದಲ ನಿಮ್ಮದಲ್ಲ. ಬೆಂಗಳೂರಿನಲ್ಲಿ ಬಸ್ಸು ಸಾರಿಗೆ ಸಂಸ್ಥೆಯದು, ಬೀದಿದೀಪ ಪಾಲಿಕೆಯದು, ಅದಕ್ಕೆ ಬರುವ ವಿದ್ಯುತ್ ಸರಬರಾಜು ಕಂಪನಿಯದು, ಒಳಚರಂಡಿಯ ಮುಚ್ಚಳ ಜಲಮಂಡಳಿಯದು, ಪಕ್ಕದ ಮಳೆನೀರಿನ ಚರಂಡಿ ಮತ್ತೆ ಪಾಲಿಕೆಯದು. 2025ರ ಸೆಪ್ಟೆಂಬರಿನಿಂದ ಪಾಲಿಕೆಯೂ ಐದಾಗಿದೆ. ದೂರು ಕೊಡುವಾಗ ‘ಆಸ್ಪತ್ರೆಯ ಎದುರು’ ಎಂದಷ್ಟೇ ಬರೆಯಬೇಡಿ. ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನು ಬರೆದು, ಹಗಲು ಬೆಳಕಿನಲ್ಲಿ ತೆಗೆದ ಒಂದು ಚಿತ್ರ ಸೇರಿಸಿ. ಒಂದು ದೀಪ ಹೋಗಿದೆಯೋ ಸಾಲು ಪೂರ್ತಿ ಹೋಗಿದೆಯೋ ಎಂಬುದನ್ನು ತಿಳಿಸಿ. ಒಂದೇ ಆದರೆ ಬಲ್ಬಿನ ದೋಷವಿರಬಹುದು. ಸಾಲು ಪೂರ್ತಿ ಆರಿದ್ದರೆ ಕೇಬಲ್ ಅಥವಾ ಪಿಲ್ಲರ್ ಕಡೆ ನೋಡಬೇಕೆಂದು ಬರುವವನಿಗೆ ಗೊತ್ತಾಗಿ, ಅದಕ್ಕೆ ಬೇಕಾದ ಸಾಮಾನು ಹಿಡಿದೇ ಬರುತ್ತಾನೆ.

ನಿವೃತ್ತ ಬಸ್ ಚಾಲಕ, ಮಂಡ್ಯ

ದುರಸ್ತಿಯ ಮಾತನ್ನು ಒಪ್ಪುತ್ತೇನೆ. ಆದರೆ ಬಂದ್ ದಿನದ ಕಲ್ಲಿಗೆ ದುರಸ್ತಿ ಉತ್ತರವಲ್ಲ ಎಂದು ನನಗನಿಸುತ್ತದೆ. ಮರುದಿನವೇ ಹೊಸ ಗಾಜು ಕೂರಿಸಿದರೂ ಮುಂದಿನ ಬಂದ್‌ನಲ್ಲಿ ಕಲ್ಲು ಬಿದ್ದೇ ಬೀಳುತ್ತದೆ. ಅಲ್ಲಿ ವಕೀಲಮ್ಮನವರು ಹೇಳಿದ ಸಂಘಟಕರ ಹೊಣೆಯೇ ನಡೆಯಬೇಕು. ಕರೆ ಕೊಟ್ಟವರು ತಮ್ಮ ಹುಡುಗರಿಗೆ ಹಿಂದಿನ ರಾತ್ರಿಯೇ, ಬಸ್ಸು ಮುಟ್ಟಕೂಡದು ಎಂದು ಹೇಳಿದರೆ ಅರ್ಧ ಕಲ್ಲು ಕೆಳಗೆ ಬೀಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆಯ ಒಂದು ರಸ್ತೆ ತಡೆಯಲ್ಲಿ ರೈತರ ಹಿರಿಯರೊಬ್ಬರು ತಾವೇ ಬಸ್ಸಿನ ಮುಂದೆ ನಿಂತು ಹುಡುಗರನ್ನು ಹಿಂದಕ್ಕೆ ಕಳುಹಿಸಿ, ಒಳಗಿದ್ದ ಬಾಣಂತಿಗೆ ನೀರು ಕೊಡಿಸಿದರು. ತಡೆ ನಾಲ್ಕು ಗಂಟೆ ನಡೆಯಿತು, ಒಂದು ಗಾಜೂ ಒಡೆಯಲಿಲ್ಲ.

ದಕ್ಷಿಣ ಬೆಂಗಳೂರಿನ ನಿವಾಸಿ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಗುತ್ತಿಗೆದಾರರು ಹೇಳಿದಂತೆ ಕಂಬದ ಸಂಖ್ಯೆ ಸಹಿತ ಹೊಸ ದೂರು ಕೊಟ್ಟೆ. ವಕೀಲೆಯವರ ಮಾತಿನಂತೆ, ಕಳುವಾದ ಆಸನಗಳ ಬಗ್ಗೆ ಒಡೆತನದ ಇಲಾಖೆಯೇ ಠಾಣೆಗೆ ದೂರು ಕೊಡಬೇಕೆಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದೆ. ದೀಪದ ವೈರು ಹನ್ನೊಂದನೆಯ ದಿನ ಬಂತು. ಪೆಟ್ಟಿಗೆಗೆ ಮುಚ್ಚಳವನ್ನೂ ಹಾಕಿದರು. ಆಸನಗಳು ಇನ್ನೂ ಬಂದಿಲ್ಲ. ಉಳಿದಿರುವ ಒಂದು ಆಸನದ ನಟ್ಟುಗಳನ್ನು ವೆಲ್ಡ್ ಮಾಡಿಸಲು ಇಲಾಖೆಯ ಒಪ್ಪಿಗೆ ಕೇಳಿದ್ದೇವೆ, ಹಣವನ್ನು ನಮ್ಮ ಬೀದಿಯ ಎಂಟು ಮನೆಯವರು ಹಂಚಿಕೊಂಡಿದ್ದೇವೆ.

ಕಳೆದ ಭಾನುವಾರ ಬೆಳಿಗ್ಗೆ ನಾನೂ ಪಕ್ಕದ ಮನೆಯ ಇಬ್ಬರು ಹುಡುಗರೂ ಬಿಸಿನೀರು ಮತ್ತು ತಗಡಿನ ಪಟ್ಟಿ ಹಿಡಿದು ಫಲಕದ ಚೀಟಿಗಳನ್ನು ಕೆರೆದು ತೆಗೆದೆವು. ಐದು ಪದರ ಇದ್ದವು. ಮಾರ್ಗಸಂಖ್ಯೆಗಳು ಮತ್ತೆ ಕಾಣುತ್ತಿವೆ. ಬುಧವಾರ ಅದರ ಮೇಲೆ ಮತ್ತೊಂದು ಚೀಟಿ ಬಂದಿತ್ತು. ಹುಡುಗರು ಶಾಲೆಗೆ ಹೋಗುವಾಗ ಅದನ್ನು ಕಿತ್ತು ಹೋದರು ಎಂದು ತಾಯಿ ಹೇಳಿದರು. ಟೈಲುಗಳ ಬಗ್ಗೆ ಕೊಟ್ಟ ದೂರಿಗೆ ಇನ್ನೂ ಉತ್ತರವಿಲ್ಲ. ಬ್ಯಾಂಕಿನ ಸ್ನೇಹಿತರೇ, ಮುಂದಿನ ಶನಿವಾರ ತಮಗೆ ಬಿಡುವಿದ್ದರೆ ನಮ್ಮ ರಸ್ತೆಗೆ ಒಮ್ಮೆ ಬನ್ನಿ. ಎಲ್ಲಿ ಗೆರೆ, ಎಲ್ಲಿ ಚುಕ್ಕೆ ಇರಬೇಕೆಂದು ತಾವು ನಡೆದು ಹೇಳಿದರೆ, ಅದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಚಿತ್ರ ತೆಗೆದು ಎರಡನೆಯ ದೂರಿನ ಜೊತೆ ಸೇರಿಸುತ್ತೇವೆ.